ಮಡಕೆ ಚೂರಿನಲ್ಲಿ ಊಟದ ಗುರುತು

ಪ್ರಶ್ನೆ: ಧರ್ಮಪುರಿ, ಸೇಲಂ ಕಡೆಯ ಹೊಲಗಳಲ್ಲಿ ಹಳೆಯ ಮಡಕೆ ಚೂರುಗಳು ಸಿಗುತ್ತವೆ. ಆಗಿನವರು ಏನು ಉಣ್ಣುತ್ತಿದ್ದರೆಂದು ಅವುಗಳಿಂದ ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಮೆರುಗಿಲ್ಲದ ಮಣ್ಣಿನ ಮಡಕೆ ಬೇಯಿಸಿದ್ದನ್ನೆಲ್ಲ ಒಂದಿಷ್ಟು ಹೀರಿಕೊಳ್ಳುತ್ತದೆ. ಗೋಡೆಯೊಳಗೆ ಇಳಿದ ಜಿಡ್ಡು ಸಾವಿರಾರು ವರ್ಷ ಉಳಿಯಬಲ್ಲದು. ಚೂರನ್ನು ಪುಡಿಮಾಡಿ, ಜಿಡ್ಡನ್ನು ದ್ರಾವಕದಲ್ಲಿ ಕರಗಿಸಿ, ಯಂತ್ರದಲ್ಲಿ ಅಣುಗಳನ್ನು ಬೇರ್ಪಡಿಸಿ ಓದುತ್ತಾರೆ. ತೊಡಕೆಂದರೆ, ಧಾನ್ಯದಲ್ಲಿ ಜಿಡ್ಡು ಕಡಿಮೆ. ಒಮ್ಮೆ ಮಾಂಸ ಬೆಂದರೂ ಅದರ ಕೊಬ್ಬು ಧಾನ್ಯದ ಗುರುತನ್ನು ಮುಚ್ಚಿಬಿಡುತ್ತದೆ. ಅದಕ್ಕೇ ತಳದಲ್ಲಿ ಸೀದ ಕರಿಯಲ್ಲಿ ಪಿಷ್ಟದ ಕಣ ಹುಡುಕುತ್ತಾರೆ, ಹಸಿಮಣ್ಣಿನಲ್ಲಿ ಒತ್ತಿಕೊಂಡ ಹೊಟ್ಟಿನ ಅಚ್ಚು ನೋಡುತ್ತಾರೆ, ಒಲೆಯ ಬೂದಿಯಲ್ಲಿ ಸುಟ್ಟ ಕಾಳು ಸೋಸುತ್ತಾರೆ.

ನಿಮ್ಮ ನೆರೆಯ ತಿರುಪತ್ತೂರಿನ ಪೈಯಂಪಳ್ಳಿಯಲ್ಲಿ 1960ರ ದಶಕದ ಉತ್ಖನನದಲ್ಲಿ ನವಶಿಲಾಯುಗದವರ ಹುರುಳಿ, ಹೆಸರುಕಾಳು ಸುಟ್ಟ ರೂಪದಲ್ಲೇ ಸಿಕ್ಕಿವೆ. ಬಳ್ಳಾರಿಯ ಸಂಗನಕಲ್ಲಿನಲ್ಲೂ ಅವೇ, ಜೊತೆಗೆ ಕೊರಲೆ. ಹುರುಳಿಸಾರು ಅಷ್ಟು ಹಳೆಯ ರುಚಿಯಿರಬಹುದು ಎಂಬುದು ನನಗೆ ಇವತ್ತಿಗೂ ರೋಮಾಂಚನ.

ಒಂದು ಕೋರಿಕೆ: ಚೂರು ಕಂಡರೆ ತೊಳೆಯಬೇಡಿ, ಕೀಳಬೇಡಿ. ಜಾಗ ಗುರುತಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ.