ರಸ್ತೆಯನ್ನು ಒಡೆಯುವವರು ಯಾರು?

ಪ್ರತಿವರ್ಷವೂ ಮಳೆಗಾಲವು ಮುಗಿಯುತ್ತ ಬಂದಂತೆ ನಮ್ಮ ಕಚೇರಿಗೆ ಬರುವ ಕಾಗದಗಳಲ್ಲಿ ರಸ್ತೆಗಳ ಕುರಿತಾದ ದೂರುಗಳೇ ಹೆಚ್ಚಾಗುತ್ತವೆ. ಚೈತ್ರದಲ್ಲಿ ಡಾಂಬರು ಕಂಡ ರಸ್ತೆಯು ಭಾದ್ರಪದದೊಳಗೆ ಕುಳಿಬಿದ್ದಿತೆಂದು ಒಬ್ಬರು ಬರೆದರೆ, ಕುಳಿಗೆ ಹಾಕಿದ ತೇಪೆಯು ದೀಪಾವಳಿಯವರೆಗೂ ಬಾಳಲಿಲ್ಲವೆಂದು ಇನ್ನೊಬ್ಬರು ಬರೆಯುತ್ತಾರೆ. ಇವೆಲ್ಲವುಗಳ ಕೊನೆಯಲ್ಲಿ ಅಪರಾಧಿಯ ಹೆಸರು ಒಂದೇ: ಕಂಟ್ರಾಕ್ಟರು. ಕಂಟ್ರಾಕ್ಟರುಗಳ ಪರವಾಗಿ ವಕಾಲತ್ತು ವಹಿಸುವ ಉದ್ದೇಶವು ನಮಗಿಲ್ಲ. ಅವರಲ್ಲಿ ಕಳ್ಳರಿದ್ದಾರೆಂಬುದನ್ನು ಅಲ್ಲಗಳೆಯುವವರೂ ನಾವಲ್ಲ. ಆದರೆ ಪ್ರಾಮಾಣಿಕನು ಮಾಡಿದ ರಸ್ತೆಯೂ ಒಡೆಯುವುದುಂಟು. ಅದೇಕೆ ಒಡೆಯುತ್ತದೆಂಬುದನ್ನು ತಿಳಿಯದೆ ಬರಿಯ ಬೈಗುಳಿನಿಂದ ಯಾವ ರಸ್ತೆಯೂ ಗಟ್ಟಿಯಾಗಲಾರದು. ಈ ವಿಷಯದಲ್ಲಿ ಜಗತ್ತು ಅಪಾರವಾದ ಹಣವನ್ನು ವೆಚ್ಚಮಾಡಿ ಕಲಿತ ಪಾಠವೊಂದನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಒಟ್ಟಾವ ಎಂಬ ಊರಿದೆ. ಅದರ ಸಮೀಪದಲ್ಲಿ ಆ ದೇಶದ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘದವರು ೧೯೫೦ರ ದಶಕದ ಕೊನೆಯಲ್ಲಿ ಒಂದು ವಿಚಿತ್ರವಾದ ರಸ್ತೆಯನ್ನು ಕಟ್ಟಿಸಿದರು. ಯಾವ ಊರನ್ನೂ ಮುಟ್ಟದೆ, ಹೊರಟ ಜಾಗಕ್ಕೇ ಮರಳಿ ಬರುವ ಆರು ಸುತ್ತುಗಳು ಅವು. ಪ್ರತಿಯೊಂದು ಸುತ್ತಿನ ಒಂದು ಪಾರ್ಶ್ವಕ್ಕೆ ಡಾಂಬರು, ಇನ್ನೊಂದಕ್ಕೆ ಕಾಂಕ್ರೀಟು. ಎಂಟುನೂರಕ್ಕೂ ಮಿಕ್ಕ ತುಂಡುಗಳಾಗಿ ಅವನ್ನು ವಿಂಗಡಿಸಿ, ಒಂದೊಂದನ್ನೂ ಒಂದೊಂದು ದಪ್ಪಕ್ಕೆ ಹಾಕಿದರು. ಕಾಂಕ್ರೀಟಿನ ಹಾಸುಗಳೊಳಗೆ ತೀರ ತೆಳುವಾದುದು ಎರಡೂವರೆ ಅಂಗುಲ, ದಪ್ಪನೆಯದು ಹನ್ನೆರಡೂವರೆ ಅಂಗುಲ. ಒಂದು ಸುತ್ತನ್ನು ಬಿಸಿಲುಮಳೆಗಳಿಗೆ ಮಾತ್ರ ಒಪ್ಪಿಸಿ, ಮಿಕ್ಕ ಐದರ ಮೇಲೆ ಸೈನಿಕರಿಂದ ಲಾರಿಗಳನ್ನು ಓಡಿಸಿದರು. ೧೯೫೮ರ ಶರತ್ಕಾಲದಲ್ಲಿ ಆರಂಭವಾದ ಈ ಓಟವು ೧೯೬೦ರ ನವೆಂಬರ್ ಕೊನೆಗೆ ನಿಂತಿತು. ಅಷ್ಟರಲ್ಲಿ ಲಾರಿಗಳ ಅಚ್ಚುಗಳು ಆ ನೆಲವನ್ನು ೧೧,೧೪,೦೦೦ ಸಲ ತುಳಿದಿದ್ದವು. ಇದಕ್ಕಾದ ವೆಚ್ಚವು ಸುಮಾರು ೨ ಕೋಟಿ ೭೦ ಲಕ್ಷ ಡಾಲರು. ಒಡೆಯುವುದಕ್ಕಾಗಿಯೇ ರಸ್ತೆ ಕಟ್ಟಿದವರನ್ನು ನೋಡಿ ನಗಬೇಕೆನಿಸೀತು. ಆದರೆ ಒಡೆದ ರಸ್ತೆಯ ಲೆಕ್ಕವನ್ನು ಅವರು ಇಟ್ಟರು, ನಾವು ಇಡಲಿಲ್ಲ.

ರಸ್ತೆಯು ಕೆಟ್ಟಿತೆಂದು ತೀರ್ಮಾನಿಸುವ ಬಗೆಯಲ್ಲಿಯೂ ಅವರು ಜನಸಾಮಾನ್ಯರನ್ನು ಮರೆಯಲಿಲ್ಲ. ಕೆಲವರನ್ನು ವಾಹನದಲ್ಲಿ ಕೂರಿಸಿ ನಾನಾ ರಸ್ತೆಗಳ ಮೇಲೆ ಕರೆದೊಯ್ದು, ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸಿದರು. ಆ ಅಂಕಗಳಿಗೂ, ಯಂತ್ರಗಳಿಂದ ಅಳೆದ ಏರುಪೇರು, ಬಿರುಕು, ತೇಪೆಗಳಿಗೂ ಇರುವ ಸಂಬಂಧವನ್ನು ಗಣಿತದಿಂದ ಕಂಡುಕೊಂಡರು. ಒಂದೂವರೆ ಅಂಕಕ್ಕೆ ಇಳಿದ ತುಂಡು ಸತ್ತಂತೆ. ಹೀಗೆ ಪ್ರಯಾಣಿಕನ ಬೆನ್ನುಮೂಳೆಯ ಸಾಕ್ಷ್ಯಕ್ಕೂ ಶಾಸ್ತ್ರದಲ್ಲಿ ಸ್ಥಾನ ದೊರೆಯಿತು.

ಇಷ್ಟರಿಂದ ತಿಳಿದುದೇನು? ರಸ್ತೆಯನ್ನು ಸವೆಸುವುದು ವಾಹನಗಳ ಸಂಖ್ಯೆಯಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ ಎಂಬುದು ಮೊದಲನೆಯ ಪಾಠ. ಭಾರವು ಇಮ್ಮಡಿಯಾದರೆ ಹಾನಿಯೂ ಇಮ್ಮಡಿಯಾಗುವುದೆಂದು ನಾವು ಸಹಜವಾಗಿ ಎಣಿಸುತ್ತೇವೆ. ಹಾಗಲ್ಲ, ಹಾನಿಯು ಸುಮಾರು ಹದಿನಾರು ಮಡಿಯಾಗುತ್ತದೆ. ಎರಡನ್ನು ನಾಲ್ಕು ಬಾರಿ ಗುಣಿಸಿದರೆ ಬರುವ ಲೆಕ್ಕವಿದು; ಇಂಜಿನಿಯರುಗಳು ಇದನ್ನು ನಾಲ್ಕನೆಯ ಘಾತದ ನಿಯಮವೆನ್ನುತ್ತಾರೆ. ಇದರ ಪ್ರಕಾರ ಎಂಟು ಟನ್ನು ಹೊತ್ತ ಲಾರಿಯ ಒಂದು ಅಚ್ಚು ಮಾಡುವ ಹಾನಿಯನ್ನು ಮಾಡಬೇಕಾದರೆ, ಟನ್ನಿನ ಹತ್ತನೆಯ ಎಂಟು ಭಾಗ ಮಾತ್ರ ತೂಗುವ ಮೋಟಾರು ಕಾರಿನ ಅಚ್ಚು ಹತ್ತು ಸಾವಿರ ಸಲ ಉರುಳಬೇಕು. ಅದೇ ಲಾರಿಯ ಅಚ್ಚಿಗೆ ಹನ್ನೆರಡು ಟನ್ನು ಹೇರಿದರೆ ಹೆಚ್ಚಿದ ಭಾರವು ಅರ್ಧಪಾಲು. ಹೆಚ್ಚಿದ ಹಾನಿಯು ಐದು ಮಡಿ. ಹೇರಿದವನಿಗೆ ಬರುವ ಬಾಡಿಗೆಯ ಲಾಭವು ಅವನ ಚೀಲಕ್ಕೆ; ರಸ್ತೆಯ ನಷ್ಟವು ಊರಿನ ಬೊಕ್ಕಸಕ್ಕೆ.

ಎರಡನೆಯ ಪಾಠವು ನೀರಿನದು. ಇಲಿನಾಯ್‌ನಲ್ಲಿ ಡಾಂಬರಿನ ತುಂಡುಗಳೊಳಗೆ ಹೆಚ್ಚಿನವು ಕೆಟ್ಟದ್ದು ಹಿಮ ಕರಗಿ ನೆಲವು ನೆನೆದ ವಸಂತದ ವಾರಗಳಲ್ಲಿ. ಕಾಂಕ್ರೀಟಿನ ಹಾಸುಗಳು ಕೆಟ್ಟ ರೀತಿಯು ಬೇರೆ: ಕೀಲುಗಳ ಮೂಲಕ ಇಳಿದ ನೀರು, ಲಾರಿಯು ಹಾಯ್ದಾಗಲೆಲ್ಲ ಅಡಿಯ ಮಣ್ಣುಜಲ್ಲಿಯನ್ನು ಕಲಕಿ ಹೊರಕ್ಕೆ ಉಗುಳಿತು, ಅಡಿಯು ಪೊಳ್ಳಾಗಿ ಮೇಲಿನ ಕಲ್ಲಿನಂತಹ ಹಾಸು ಮುರಿಯಿತು. ನಮ್ಮಲ್ಲಿ ಹಿಮವಿಲ್ಲದಿದ್ದರೇನು, ಮುಂಗಾರು ಉಂಟು. ಮಲೆನಾಡಿನ ಆಷಾಢವಾಗಲಿ, ಬಯಲುಸೀಮೆಯ ಒಂದೇ ರಾತ್ರಿಯ ಜಡಿಮಳೆಯಾಗಲಿ ಮಾಡುವ ಕೆಲಸವು ಅದೇ. ಪಕ್ಕದ ಚರಂಡಿಯನ್ನು ಹೂಳಿನಿಂದ ತುಂಬಿಸಿಟ್ಟು, ಮೇಲೆ ಎಷ್ಟು ಅಂಗುಲ ಡಾಂಬರು ಸುರಿದರೂ ಅದು ಕೆಸರಿನ ಮೇಲೆ ಹಾಸಿದ ಜಮಖಾನೆಯೇ ಸರಿ.

ಆದರೆ ಪರದೇಶದ ಲೆಕ್ಕವನ್ನು ಹಾಗೆಯೇ ತಂದು ನಮ್ಮ ನೆಲಕ್ಕೆ ಅಂಟಿಸುವುದು ಬುದ್ಧಿವಂತಿಕೆಯಲ್ಲ. ಇಲಿನಾಯ್‌ನ ಪರೀಕ್ಷೆಯು ಒಂದೇ ಬಗೆಯ ಜೇಡಿಮಣ್ಣಿನ ಮೇಲೆ, ಒಂದೇ ಹವೆಯಲ್ಲಿ, ಎರಡೇ ವರ್ಷ ನಡೆಯಿತು. ನಮ್ಮ ಧಾರವಾಡ, ವಿಜಯಪುರ, ಕಲಬುರ್ಗಿಗಳ ಎರೆಯ ನೆಲವು ಮಳೆ ಕಂಡೊಡನೆ ಉಬ್ಬಿ, ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರಿಯುತ್ತದೆ. ಆದಕಾರಣ ಅವರವರ ಮಣ್ಣನ್ನು ಅವರವರೇ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಉಪಾಯವನ್ನು ಕ್ಯಾಲಿಫೋರ್ನಿಯದವರು ೧೯೨೦ರ ದಶಕದ ಕೊನೆಯಲ್ಲಿಯೇ ಕಂಡುಹಿಡಿದರು. ಒತ್ತಿ ತುಂಬಿದ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಯಿಸಿ, ಐದು ಸೆಂಟಿಮೀಟರು ವ್ಯಾಸದ ಉಕ್ಕಿನ ಗುಂಡನ್ನು ಅದರೊಳಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಒತ್ತುತ್ತಾರೆ. ಉತ್ತಮವಾದ ಪುಡಿಗಲ್ಲಿಗೆ ಇದಕ್ಕೆ ೧೩೭೦ ಕಿಲೋಗ್ರಾಮು ಭಾರ ಬೇಕು. ಮಣ್ಣು ಅದರ ನೂರಕ್ಕೆ ಎಷ್ಟು ಪಾಲು ತಡೆಯುತ್ತದೋ ಅದೇ ಅದರ ಅಂಕ. ನೆನೆದ ಎರೆಮಣ್ಣಿಗೆ ನೂರಕ್ಕೆ ಎರಡು ಮೂರು ದೊರೆತರೆ ಹೆಚ್ಚು. ಅಂತಹ ನೆಲಕ್ಕೂ ಕೆಂಪು ಮೊರಂ ನೆಲಕ್ಕೂ ಒಂದೇ ದಪ್ಪದ ರಸ್ತೆಯನ್ನು ಮಂಜೂರು ಮಾಡುವ ಅಂದಾಜುಪಟ್ಟಿಯು, ಕಂಟ್ರಾಕ್ಟರು ಸಲಿಕೆ ಹಿಡಿಯುವುದಕ್ಕೆ ಮುಂಚೆಯೇ ರಸ್ತೆಯನ್ನು ಒಡೆದಿರುತ್ತದೆ.

ಮೇಲಿನ ಹಾಸಿಗೂ ಪರೀಕ್ಷೆಗಳುಂಟು. ಡಾಂಬರಿನ ರಸ್ತೆಯು ಬಾಗುವ ಸ್ವಭಾವದ್ದು. ಭಾರವನ್ನು ಪದರಪದರವಾಗಿ ಹರಡುತ್ತ ನೆಲಕ್ಕೆ ಇಳಿಸುತ್ತದೆ. ಅದರ ಅಡಿಯಂಚು ಹಿಗ್ಗಿ ಹಿಗ್ಗಿ ಬಿರುಕು ಬಿಡಬಾರದು; ಕೆಳಗಣ ಮಣ್ಣು ಕುಗ್ಗಿ ಗಾಲಿಯ ಜಾಡು ಮೂಡಬಾರದು. ನಮ್ಮ ದೇಶದ ಇಂದಿನ ಗಣನೆಯೂ ಈ ಎರಡನ್ನೇ ಆಧರಿಸಿದೆ. ಮಿಸಿಸಿಪಿ ಪ್ರಾಂತದ ಬ್ರೂಸ್ ಮಾರ್ಷಲ್ ಎಂಬವರ ಹೆಸರಿನ ಪರೀಕ್ಷೆಯಲ್ಲಿ ಡಾಂಬರುಜಲ್ಲಿಯ ಬಿಲ್ಲೆಯನ್ನು ಎರಡೂ ಮುಖಗಳಲ್ಲಿ ಸುತ್ತಿಗೆಯಿಂದ ಬಡಿದು, ೬೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅದುಮಿ ನೋಡುತ್ತಾರೆ. ನಮ್ಮ ವೈಶಾಖದ ರಸ್ತೆಯ ಶಾಖವದು. ಕಾಂಕ್ರೀಟಾದರೋ ಹಲಗೆಯಂತೆ ಭಾರವನ್ನು ಒಟ್ಟಾಗಿ ಹೊರುತ್ತದೆ. ಆದುದರಿಂದ ಅದನ್ನು ಅದುಮಿ ನೋಡಿದರೆ ಸಾಲದು. ತೊಲೆಯಾಗಿ ಎರಕಹೊಯ್ದು, ೨೮ ದಿನಗಳ ಮೇಲೆ ಬಾಗಿಸಿ ಮುರಿದು ನೋಡಬೇಕು. ಹಗಲಿನ ಬಿಸಿಲಿಗೂ ಇರುಳಿನ ತಂಪಿಗೂ ಹಾಸು ಸೆಡೆಯುವುದರಿಂದ ಸುಮಾರು ನಾಲ್ಕೂವರೆ ಮೀಟರಿಗೊಂದು ಕೀಲು ಕೊಯ್ದು, ಅದರ ಬಾಯಿಗೆ ನೀರಿಳಿಯದಂತೆ ಬಿಗಿಮಾಡಬೇಕು. ಹೀಗೆ ಮಾಡಿದ ಕಾಂಕ್ರೀಟು ಎಷ್ಟು ಕಾಲ ಬಾಳೀತು? ಒಹಾಯೊ ಪ್ರಾಂತದ ಬೆಲ್‌ಫೌಂಟನ್ ಊರಿನಲ್ಲಿ ೧೮೯೧ರಲ್ಲಿ ಹಾಸಿದ ಕಾಂಕ್ರೀಟಿನ ಭಾಗವು ಇಂದಿಗೂ ಉಳಿದಿದೆ.

ಇವೆಲ್ಲವೂ ನಮಗೆ ತಿಳಿಯದ ವಿದ್ಯೆಯೆಂದು ಯಾರೂ ಹೇಳುವಂತಿಲ್ಲ. ಜಯಕರ ಸಮಿತಿಯ ಸಲಹೆಯ ಫಲವಾಗಿ ಭಾರತೀಯ ರಸ್ತೆ ಕಾಂಗ್ರೆಸ್ಸು ೧೯೩೪ರಲ್ಲಿಯೇ ಹುಟ್ಟಿತು. ದಿಲ್ಲಿಯ ಕೇಂದ್ರ ರಸ್ತೆ ಸಂಶೋಧನಾಲಯವು ೧೯೫೨ರಿಂದ ಕೆಲಸ ಮಾಡುತ್ತಿದೆ. ಡಾಂಬರಿನ ರಸ್ತೆಯ ರಚನೆಗೆ ರಸ್ತೆ ಕಾಂಗ್ರೆಸ್ಸಿನ ನಿಯಮಾವಳಿಯು ೧೯೭೦ರಲ್ಲಿ, ಕಾಂಕ್ರೀಟಿನದಕ್ಕೆ ೧೯೭೪ರಲ್ಲಿ ಹೊರಬಂದು, ಅನುಭವಕ್ಕೆ ತಕ್ಕಂತೆ ತಿದ್ದುಪಡಿಗಳನ್ನು ಕಂಡಿವೆ. ಗ್ರಂಥವಿದೆ, ಪಂಡಿತರಿದ್ದಾರೆ, ತಕ್ಕಡಿಯನ್ನು ಹಿಡಿಯುವವರು ಸಾಲದು. ೨೦೧೮ರಲ್ಲಿ ಕೇಂದ್ರ ಸರಕಾರದವರು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿದರು. ಸಾಗಾಣಿಕೆಯು ಅಗ್ಗವಾಗಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನಾಲ್ಕನೆಯ ಘಾತದ ಲೆಕ್ಕದಲ್ಲಿ ನೂರಕ್ಕೆ ಹದಿಮೂರರಷ್ಟು ಏರಿದ ಭಾರವು ಹಾನಿಯನ್ನು ನೂರಕ್ಕೆ ಅರುವತ್ತರಷ್ಟು ಏರಿಸುತ್ತದೆ. ಮಿತಿಯನ್ನು ಏರಿಸುವ ಅಧಿಕಾರವು ಸರಕಾರಕ್ಕುಂಟು. ಹಾಗೆ ಏರಿಸಿದ ಮೇಲೆ ರಸ್ತೆಯ ದಪ್ಪವನ್ನೂ ಏರಿಸುವ ಹೊಣೆಯು ಅದರ ಬೆನ್ನಿಗೇ ಬರುತ್ತದೆ.

ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹೊದಿಸುವ ವೈಟ್ ಟಾಪಿಂಗ್ ಕಾರ್ಯವು ನಡೆದಿದೆ. ಪದ್ಧತಿಯು ಒಳ್ಳೆಯದೇ. ಆದರೆ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತಿನ ತಂತಿಗಳನ್ನು ಮೊದಲು ಸರಿಪಡಿಸಿ ಅನಂತರ ಹೊದಿಸಿದರೆ ಮಾತ್ರ ಅದು ಫಲ ಕೊಟ್ಟೀತು. ಹಾಸಿದ ಮರುವರ್ಷವೇ ಕೊಳವೆಗಾಗಿ ಕೊಯ್ದ ಕಾಂಕ್ರೀಟು ಮೊದಲಿನ ಒಂದೇ ಹಲಗೆಯಾಗಿ ಕೂಡಿಕೊಳ್ಳಲಾರದು.

ಆದಕಾರಣ ನಮ್ಮ ಬೇಡಿಕೆಗಳು ಮೂರೇ. ಅಂದಾಜುಪಟ್ಟಿಗೆ ಮಂಜೂರಾತಿ ಕೊಡುವ ಮುನ್ನ ಆ ನೆಲದ ನೆನೆದ ಮಣ್ಣಿನ ಪರೀಕ್ಷೆ ನಡೆಯಲಿ. ಅದರ ಅಂಕವನ್ನೂ, ಹಾಸಿದ ಪದರಗಳ ದಪ್ಪವನ್ನೂ ರಸ್ತೆಯ ಪಕ್ಕದ ಫಲಕದಲ್ಲಿ ಕನ್ನಡದಲ್ಲಿ ಬರೆಯಿಸಲಿ. ಗಣಿ, ಮರಳುಕಟ್ಟೆ, ಕಾರ್ಖಾನೆಗಳ ಬಾಗಿಲಲ್ಲಿಯೇ ಅಚ್ಚಿನ ಭಾರವನ್ನು ತೂಗಲಿ. ಮಿತಿಮೀರಿದರೆ ಲಾರಿಯ ಚಾಲಕನನ್ನಷ್ಟೇ ದಂಡಿಸದೆ, ಹೇರಿಸಿದ ಧಣಿಯನ್ನೂ ಹಿಡಿಯಲಿ. ಪ್ರತಿವರ್ಷ ಮುಂಗಾರಿಗೆ ಮೊದಲು ಚರಂಡಿ, ಮೋರಿಗಳ ಹೂಳನ್ನು ತೆಗೆಯಿಸಲಿ. ಡಾಂಬರಿಗಿಂತ ಇದು ಅಗ್ಗ.

ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಗಾದೆಯನ್ನು ನಾವು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿಯೇ ಕಲಿತೆವು. ಕುಳಿ ಬಿದ್ದ ಮೇಲೆ ವಿಚಾರಣಾ ಸಮಿತಿಯನ್ನು ನೇಮಿಸುವುದು ಅದರ ಇಂದಿನ ರೂಪ. ಹೆರಿಗೆಗೆಂದು ಪಟ್ಟಣದ ಆಸ್ಪತ್ರೆಗೆ ಹೊರಟ ತಾಯಿಗೂ, ಸಂತೆಗೆ ತರಕಾರಿ ಒಯ್ಯುವ ರೈತನಿಗೂ ಸಮಿತಿಯ ವರದಿಯಿಂದ ಆಗಬೇಕಾದುದೇನೂ ಇಲ್ಲ. ಅವರಿಗೆ ಬೇಕಾದುದು ಮುಂದಿನ ಶ್ರಾವಣದಲ್ಲಿಯೂ ಗಟ್ಟಿಯಾಗಿರುವ ರಸ್ತೆ. ವಾಚಕರು ಇನ್ನುಮೇಲೆ ನಮಗೆ ದೂರು ಬರೆಯುವಾಗ ಕಂಟ್ರಾಕ್ಟರನ ಹೆಸರಿನ ಜೊತೆಗೆ ಇನ್ನು ಮೂರು ಸಂಗತಿಗಳನ್ನು ಕೇಳಿ ತಿಳಿದು ಬರೆಯಲಿ: ಮಣ್ಣಿನ ಅಂಕವೆಷ್ಟು, ಲಾರಿಯ ಅಚ್ಚಿನ ಭಾರವೆಷ್ಟು, ಚರಂಡಿಯು ಹರಿಯುತ್ತಿದೆಯೇ? ಉತ್ತರ ಕೊಡಬೇಕಾದವರು ತಡವರಿಸಿದರೆ, ರಸ್ತೆಯನ್ನು ಒಡೆದವರಾರೆಂಬುದು ತಾನಾಗಿಯೇ ತಿಳಿಯುತ್ತದೆ.