ಹೆಚ್ಚುವರಿ ಸಾಮರ್ಥ್ಯದ ಮೊಬೈಲ್ ಬ್ಯಾಟರಿ: ಲೇಬಲ್ ನಂಬುವ ಮುನ್ನ ತೂಗಿ ನೋಡಿ

ಮಂಡ್ಯ ಜಿಲ್ಲೆಯ ಹೆಸರು ಲಿಥಿಯಂನೊಂದಿಗೆ ಸೇರಿಕೊಂಡದ್ದು ಇತ್ತೀಚೆಗೆ. ನಾಗಮಂಗಲ ಶಿಲಾಪಟ್ಟಿಗೆ ಸೇರಿದ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರವು 2021ರಲ್ಲಿ ಸಂಸತ್ತಿಗೆ ತಿಳಿಸಿತು. ನೆಲದಡಿಯ ಆ ಖನಿಜವು ಉದ್ಯಮವಾಗಿ ಬೆಳೆಯುವ ಹಾದಿ ದೀರ್ಘವಾದುದು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಪೇಟೆಬೀದಿಗಳಲ್ಲಿ ಲಿಥಿಯಂ ಈಗಾಗಲೇ ದಿನನಿತ್ಯದ ಸರಕಾಗಿದೆ. ಮೊಬೈಲ್ ಅಂಗಡಿಗಳಲ್ಲಿ ಮಾರಾಟವಾಗುವ ಬದಲಿ ಬ್ಯಾಟರಿಗಳೇ ಆ ಸರಕು. ಇವುಗಳಲ್ಲಿ ‘ಹೆಚ್ಚುವರಿ ಸಾಮರ್ಥ್ಯ’ದ ಹೆಸರಿನಲ್ಲಿ ಬರುವ ಬ್ಯಾಟರಿಗಳ ಬಗ್ಗೆ ವರ್ತಕರು ವಿಶೇಷ ಎಚ್ಚರ ವಹಿಸಬೇಕಾಗಿದೆ.

ಬೇಡಿಕೆಯ ಮೂಲ

ಲಿಥಿಯಂ ಅಯಾನ್ ಬ್ಯಾಟರಿಯು ಪ್ರತಿ ಬಾರಿ ಚಾರ್ಜ್ ಆಗಿ ಖಾಲಿಯಾದಾಗಲೂ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಎರಡು ಮೂರು ವರ್ಷಗಳಲ್ಲಿ ಸಂಜೆಯವರೆಗೆ ಬಾಳುತ್ತಿದ್ದ ಫೋನು ಮಧ್ಯಾಹ್ನಕ್ಕೇ ನಿಂತುಹೋಗುತ್ತದೆ. ಬೆಳಿಗ್ಗೆ ಗದ್ದೆಗೆ ಹೋಗಿ ಸಂಜೆ ಮರಳುವ ರೈತರಿಗೂ, ಸರಕು ಆಟೋ ಚಾಲಕರಿಗೂ, ಮೇಲುಕೋಟೆ ಹಾಗೂ ಆದಿಚುಂಚನಗಿರಿಗೆ ಬರುವ ಯಾತ್ರಿಕರಿಗೂ ಇದು ತೊಂದರೆಯೇ. ಹೊಸ ಫೋನಿನ ಬದಲು ಅಲ್ಪ ಬೆಲೆಗೆ ‘ದೊಡ್ಡ ಬ್ಯಾಟರಿ’ ಸಿಗುವುದಾದರೆ ಗ್ರಾಹಕರು ಅದನ್ನು ಕೇಳುವುದು ಸಹಜ.

ದೊಡ್ಡ ಬ್ಯಾಟರಿ ಎಂದರೇನು?

2011ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್-2 ಫೋನಿನ ಮೂಲ ಬ್ಯಾಟರಿ 1650 ಎಂಎಎಚ್. ಅದೇ ಕಂಪನಿಯು 2000 ಎಂಎಎಚ್ ಸಾಮರ್ಥ್ಯದ ಬ್ಯಾಟರಿಯನ್ನೂ ಪ್ರತ್ಯೇಕವಾಗಿ ಮಾರಿತು. ಸಾಮರ್ಥ್ಯ ಹೆಚ್ಚಿದ್ದು ಸುಮಾರು ಐದನೇ ಒಂದು ಭಾಗ ಮಾತ್ರ. ಅಷ್ಟಕ್ಕೂ ಬ್ಯಾಟರಿ ದಪ್ಪವಾಯಿತು, ಹಿಂಬದಿಯ ಮುಚ್ಚಳವನ್ನೂ ಬದಲಿಸಬೇಕಾಯಿತು. ಪ್ರಾಮಾಣಿಕವಾದ ದೊಡ್ಡ ಬ್ಯಾಟರಿಯ ಲಕ್ಷಣವೇ ಇದು: ಸಾಮರ್ಥ್ಯ ಹೆಚ್ಚಿದಷ್ಟೂ ಗಾತ್ರವೂ ತೂಕವೂ ಹೆಚ್ಚುತ್ತವೆ. ಈಗಿನ ಬಹುತೇಕ ಫೋನುಗಳ ಹಿಂಬದಿ ಅಂಟಿನಿಂದ ಮುಚ್ಚಿರುವುದರಿಂದ ದಪ್ಪ ಬ್ಯಾಟರಿಗೆ ಅಲ್ಲಿ ಜಾಗವೇ ಇಲ್ಲ. ಹಾಗಿರುವಾಗ ಮೂಲ ಬ್ಯಾಟರಿಯಷ್ಟೇ ಗಾತ್ರದ, ಅಷ್ಟೇ ತೂಕದ ಬ್ಯಾಟರಿಯ ಮೇಲೆ ಒಂದೂವರೆ ಪಟ್ಟು ಸಾಮರ್ಥ್ಯ ಅಚ್ಚಾಗಿದ್ದರೆ ಆ ಅಂಕಿಯನ್ನು ಅನುಮಾನಿಸಲೇಬೇಕು.

ತಕ್ಕಡಿಯ ಪರೀಕ್ಷೆ

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಅಕ್ಕಸಾಲಿಗರು ಬಳಸುವಂತಹ ಸಣ್ಣ ತಕ್ಕಡಿ ಸಾಕು. ಲೇಬಲ್ಲಿನ ಎಂಎಎಚ್ ಅಂಕಿಯನ್ನು ಸಾವಿರದಿಂದ ಭಾಗಿಸಿ, ವೋಲ್ಟೇಜಿನಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ. 5000 ಎಂಎಎಚ್, 3.85 ವೋಲ್ಟ್ ಎಂದಿದ್ದರೆ ಅದು 19.25 ವಾಟ್-ಗಂಟೆ. ಸಾಮಾನ್ಯ ಮೊಬೈಲ್ ಬ್ಯಾಟರಿಯು ಒಂದು ಗ್ರಾಂ ತೂಕದಲ್ಲಿ ಸುಮಾರು ಕಾಲು ವಾಟ್-ಗಂಟೆಯನ್ನು ಹಿಡಿದಿಡುತ್ತದೆ. ಆದ್ದರಿಂದ ಇಂತಹ ಬ್ಯಾಟರಿ 70ರಿಂದ 85 ಗ್ರಾಂ ತೂಗಬೇಕು. ಹೊಸ ಸಿಲಿಕಾನ್-ಕಾರ್ಬನ್ ಮಾದರಿಗಳು ತುಸು ಹಗುರವಾಗಿರಬಹುದು. ಆದರೆ ತಕ್ಕಡಿ 45 ಗ್ರಾಂ ತೋರಿಸಿದರೆ ಲೇಬಲ್ ಸುಳ್ಳೆಂದೇ ತಿಳಿಯಬೇಕು.

ವೋಲ್ಟೇಜನ್ನೂ ಗಮನಿಸಬೇಕು. ಹಳೆಯ ಮಾದರಿಯ ಬ್ಯಾಟರಿಗಳು ಪೂರ್ಣ ಚಾರ್ಜ್ ಆಗುವುದು 4.2 ವೋಲ್ಟಿಗೆ. ಈಚಿನ ಹಲವು ಫೋನುಗಳು 4.4 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿನವರೆಗೆ ಚಾರ್ಜ್ ಮಾಡುತ್ತವೆ. 4.2 ವೋಲ್ಟಿನ ಬ್ಯಾಟರಿಯನ್ನು ಇಂತಹ ಫೋನಿಗೆ ಹಾಕಿದರೆ ಅದು ಮಿತಿಮೀರಿ ಚಾರ್ಜ್ ಆಗಿ ಉಬ್ಬುವ, ಬೆಂಕಿ ಹತ್ತುವ ಅಪಾಯವಿದೆ. ಕನೆಕ್ಟರ್ ಹೊಂದಿಕೊಂಡ ಮಾತ್ರಕ್ಕೆ ಬ್ಯಾಟರಿ ಹೊಂದಿಕೊಂಡಂತಲ್ಲ.

ಹೊಣೆ ಯಾರದು?

2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪನಿಯು ಮತ್ಸುಶಿತಾ ಸಂಸ್ಥೆ ತಯಾರಿಸಿದ್ದ ಸುಮಾರು 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿ, ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಬ್ಯಾಟರಿಯ ಮೇಲಿದ್ದ ಸಂಖ್ಯೆಯಿಂದ ದೋಷವಿದ್ದ ಸರಕನ್ನು ಗುರುತಿಸಲು ಸಾಧ್ಯವಾಯಿತು. ತಯಾರಕರ ಹೆಸರು ಗೊತ್ತಿದ್ದುದರಿಂದ ಹೊಣೆಯೂ ಅವರದೇ ಆಯಿತು.

ಹೆಸರಿಲ್ಲದ ಬ್ಯಾಟರಿಯ ವಿಷಯ ಹಾಗಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಮಿನ ಪ್ರಕಾರ ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ಉತ್ಪನ್ನದಿಂದಾದ ಹಾನಿಗೆ ಮಾರಾಟಗಾರರನ್ನೇ ಹೊಣೆಯಾಗಿಸಬಹುದು. ಮಾರಾಟಗಾರರು ತಾವಾಗಿಯೇ ಭರವಸೆ ನೀಡಿ ಸರಕು ಅದಕ್ಕೆ ತಕ್ಕಂತೆ ಇರದಿದ್ದರೂ, ಸರಕನ್ನು ಮಾರ್ಪಡಿಸಿ ಆ ಮಾರ್ಪಾಟೇ ಹಾನಿಗೆ ಪ್ರಮುಖ ಕಾರಣವಾದರೂ ಇದೇ ನಿಯಮ. ಹೊಸ ಸೆಲ್ಲಿಗೆ ಹಳೆಯ ಬ್ಯಾಟರಿಯ ಸರ್ಕ್ಯೂಟ್ ಬೆಸೆದು ಕೊಡುವ ದುರಸ್ತಿಗಾರರು ಈ ಮಾತನ್ನು ನೆನಪಿಡುವುದು ಒಳ್ಳೆಯದು. ಕೆಲವು ನೂರು ರೂಪಾಯಿಗಳ ಸರಕಿನ ಲಾಭ ಎಷ್ಟೇ ಇರಲಿ, ಒಂದು ಪರಿಹಾರದ ದಾವೆಯ ಮುಂದೆ ಅದು ನಿಲ್ಲಲಾರದು.

ಇಂತಹ ಬ್ಯಾಟರಿಗಳು 2014ರಲ್ಲಿಯೇ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಪಟ್ಟಿಗೆ ಸೇರಿವೆ. ಲೇಬಲ್ಲಿನಲ್ಲಿ ಐಎಸ್ 16046 ಎಂಬ ಮಾನಕ ಸಂಖ್ಯೆಯೂ, ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಈ ಸಂಖ್ಯೆ ನಿಜವೇ ಎಂಬುದನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ನಿಮಿಷದೊಳಗೆ ನೋಡಬಹುದು. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು.

ದಾಸ್ತಾನು ಮತ್ತು ಹಳೆಯ ಬ್ಯಾಟರಿ

ಬ್ಯಾಟರಿಯು ಕಪಾಟಿನಲ್ಲಿದ್ದರೂ ಹಳೆಯದಾಗುತ್ತದೆ. ಆದ್ದರಿಂದ ಒಮ್ಮೆಗೇ ಬಹಳಷ್ಟು ಕೊಳ್ಳದೆ, ಅರ್ಧದಷ್ಟು ಚಾರ್ಜ್ ಇರುವಂತೆ, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡುವುದು ಲೇಸು. ಗ್ರಾಹಕರಿಂದ ಬಂದ ಹಳೆಯ, ಉಬ್ಬಿದ ಬ್ಯಾಟರಿಗಳನ್ನು ಪುರಸಭೆಯ ಕಸದ ಗಾಡಿಗೆ ಹಾಕಬಾರದು. ಅವು ಜಜ್ಜಿದರೆ ಹೊತ್ತಿಕೊಳ್ಳುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇವನ್ನು ಪ್ರತ್ಯೇಕವಾಗಿರಿಸಿ ಸಂಗ್ರಹಣೆ ಅಥವಾ ಮರುಬಳಕೆ ನಡೆಸುವವರಿಗೆ ಒಪ್ಪಿಸಬೇಕೆನ್ನುತ್ತವೆ.

ವರ್ತಕರು ಅನುಸರಿಸಬಹುದಾದ ಕ್ರಮ ಸರಳವಾಗಿದೆ. ಮೈಸೂರು, ಬೆಂಗಳೂರಿನ ಸಗಟು ಮಳಿಗೆಗಳಿಂದ ಜಿಎಸ್‌ಟಿ ಬಿಲ್ಲಿನೊಂದಿಗೇ ಸರಕು ತರಬೇಕು. ಪ್ರತಿ ತಂಡದಿಂದ ಒಂದೆರಡನ್ನು ತೂಗಿ ನೋಡಬೇಕು. ಗ್ರಾಹಕರಿಗೆ ಕೊಡುವ ರಸೀದಿಯಲ್ಲಿ ನೋಂದಣಿ ಸಂಖ್ಯೆಯನ್ನೂ, ಮೂಲ ಬ್ಯಾಟರಿಯ ಸಾಮರ್ಥ್ಯವನ್ನೂ, ಹೊಸದರ ಸಾಮರ್ಥ್ಯವನ್ನೂ ಬರೆದುಕೊಡಬೇಕು. ‘ಇದು ದೊಡ್ಡ ಬ್ಯಾಟರಿಯಲ್ಲ, ಆದರೆ ನಿಮ್ಮ ಫೋನಿಗೆ ತಕ್ಕ ಹೊಸ ಬ್ಯಾಟರಿ’ ಎಂದು ಹೇಳಿ ಮಾರಿದರೂ ಗ್ರಾಹಕರಿಗೆ ಸಂಜೆಯವರೆಗೆ ಫೋನು ನಡೆಯುತ್ತದೆ. ಅವರು ಕೇಳಲು ಬಂದದ್ದೂ ಅದನ್ನೇ. ಮುಖಪರಿಚಯದ ಮೇಲೆಯೇ ವ್ಯಾಪಾರ ನಡೆಯುವ ತಾಲ್ಲೂಕು ಕೇಂದ್ರಗಳಲ್ಲಿ ಅಂತಹ ಗ್ರಾಹಕರು ಮತ್ತೊಮ್ಮೆ ಅದೇ ಅಂಗಡಿಗೆ ಬರುತ್ತಾರೆ.