ಒಣ ಕಾಳಿನಿಂದ ಹಸಿ ಮಾಂಸಕ್ಕೆ: ಮನೆಯ ಬೆಕ್ಕಿನ ಆಹಾರಪರಿವರ್ತನೆ

ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಮಲೆಯಾಳದಲ್ಲಿ ಪೂಚ್ಚ. ಹೀಗೆ ಒಂದೇ ಕೇರಿಯಲ್ಲಿ ಮೂರು ಹೆಸರುಗಳಿಂದ ಕರೆಯಿಸಿಕೊಳ್ಳುವ ಈ ಪ್ರಾಣಿಯ ಊಟದ ವಿಷಯದಲ್ಲಿ ಕಾಸರಗೋಡಿನ ಗೃಹಸ್ಥರು ಹಿಂದೆ ವಿಶೇಷ ಚಿಂತೆ ಮಾಡಿದವರಲ್ಲ. ಕಡಲ ಬದಿಯ ಮನೆಗಳಲ್ಲಿ ಬೂತಾಯಿಯ ತಲೆ, ಬಂಗುಡೆಯ ಬಾಲ ಅದರ ಪಾಲಿಗೆ ಬೀಳುತ್ತಿದ್ದವು. ಒಳನಾಡಿನ ಅಡಿಕೆ ತೋಟಗಳ ಸಸ್ಯಾಹಾರಿ ಮನೆಗಳಲ್ಲಿ ಹಾಲು ಕಲಸಿದ ಅನ್ನವೇ ಅದರ ಭೋಜನವೆಂದು ಭಾವಿಸಲಾಗಿತ್ತು. ಈಗ ಪೇಟೆಯ ಅಂಗಡಿಗಳಲ್ಲಿ ‘ಕ್ಯಾಟ್ ಫುಡ್’ ಎಂಬ ಒಣ ಕಾಳಿನ ಪೊಟ್ಟಣಗಳು ತೂಗಾಡುತ್ತಿವೆ. ಅವುಗಳನ್ನು ತಂದು ಹಾಕಿದವರಲ್ಲಿ ಕೆಲವರು, ಬೇಟೆಯ ಪ್ರಾಣಿಗೆ ಹಸಿ ಮಾಂಸವೇ ಸಹಜವಲ್ಲವೇ ಎಂಬ ವಿಚಾರಕ್ಕೆ ಬಂದು, ಮತ್ತೆ ಮೀನುಮಾಂಸಗಳ ಕಡೆಗೆ ತಿರುಗುತ್ತಿದ್ದಾರೆ. ಈ ತಿರುಗಾಟದಲ್ಲಿ ಆಗಬಹುದಾದ ಪ್ರಮಾದವೊಂದನ್ನು ನಾವೇ ಮಾಡಿದವರಾದ್ದರಿಂದ ಈ ಲೇಖನವನ್ನು ಬರೆಯಲು ನಮಗೆ ಅಷ್ಟಿಷ್ಟು ಅಧಿಕಾರವುಂಟು.

ನಮ್ಮ ಮನೆಯಲ್ಲಿ ಮೂರು ವರ್ಷ ಒಣ ಕಾಳನ್ನೇ ತಿಂದು ದುಂಡಗೆ ಬೆಳೆದ ಗಂಡು ಬೆಕ್ಕೊಂದಿತ್ತು. ಒಂದು ಮಳೆಗಾಲದಲ್ಲಿ ಕಾಳಿನ ಡಬ್ಬಿಯನ್ನು ಮುಚ್ಚಿಟ್ಟು, ಅದರ ಮುಂದೆ ಹಸಿ ಬೂತಾಯಿಯನ್ನು ಇರಿಸಿದೆವು. ಅದು ಮೂಸಿ ನೋಡಿ ಹಿಂದೆ ಸರಿಯಿತು. ಹಸಿದರೆ ತಾನಾಗಿ ತಿನ್ನುತ್ತದೆಂಬುದು ನಮ್ಮ ತರ್ಕ. ಎರಡನೆಯ ದಿನ ಬಟ್ಟಲಿನ ಬಳಿಗೂ ಬರಲಿಲ್ಲ. ಐದನೆಯ ದಿನ ಅದರ ಕಿವಿಯ ಒಳಭಾಗವೂ ಒಸಡೂ ಅರಸಿನ ಬಣ್ಣಕ್ಕೆ ತಿರುಗಿದ್ದವು. ಪಶುವೈದ್ಯರು ನಳಿಗೆಯ ಮೂಲಕ ವಾರಗಟ್ಟಲೆ ಆಹಾರವನ್ನು ಉಣಿಸಿದ ಬಳಿಕವೇ ಅದು ಬದುಕಿ ಉಳಿಯಿತು.

ನಾಯಿಗೆ ಎರಡು ದಿನದ ಉಪವಾಸ ದೊಡ್ಡ ಮಾತಲ್ಲ. ಬೆಕ್ಕಿನ ದೇಹವಾದರೋ ಬೇರೆಯೇ ರೀತಿಯದು. ಆಹಾರ ನಿಂತೊಡನೆ ಅದರ ದೇಹದ ಕೊಬ್ಬು ಕರಗಿ ಯಕೃತ್ತಿಗೆ ಹರಿದುಬರುತ್ತದೆ. ಆ ಕೊಬ್ಬನ್ನು ವಿಲೇವಾರಿ ಮಾಡಲಾರದೆ ಯಕೃತ್ತು ಅದರಲ್ಲಿಯೇ ಮುಳುಗಿಹೋಗುತ್ತದೆ. ಕೊಬ್ಬಿದ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಹಸಿವೆಯಿಂದ ಬೆಕ್ಕನ್ನು ಬಗ್ಗಿಸುವೆನೆಂಬ ಹಟ ಆದ್ದರಿಂದಲೇ ಸಲ್ಲದು. ಇನ್ನು ಅದು ಮೀನನ್ನು ಏಕೆ ಮುಟ್ಟಲಿಲ್ಲವೆಂದರೆ, ಆಹಾರದ ವಾಸನೆಯೂ ರಚನೆಯೂ ಎಳೆಯ ವಯಸ್ಸಿನಲ್ಲಿಯೇ ಮನಸ್ಸಿನಲ್ಲಿ ಅಚ್ಚೊತ್ತುತ್ತವೆ. ಕಾಳನ್ನಷ್ಟೇ ಕಂಡು ಬೆಳೆದ ಬೆಕ್ಕಿಗೆ ಮೀನು ಆಹಾರವೆಂದೇ ತೋರದು. ಯುರೋಪು ಅಮೆರಿಕಗಳಲ್ಲಿ ಸಾಕುವ, ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಮಾಂಸಾಹಾರಿ ಪ್ರಾಣಿಯಲ್ಲಿ ಈ ಗುಣ ಇನ್ನೂ ತೀವ್ರವೆಂದು ಅದನ್ನು ಸಾಕಿದವರು ಹೇಳುತ್ತಾರೆ. (ಮುಂಗುಸಿಯ ಹೆಸರು ಬಂದುದರಿಂದ ಬಾಲವಾಚಕರಿಗೆ ಒಂದು ಮಾತು: ನಮ್ಮಲ್ಲಿ ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.)

ಹಾಗಿದ್ದರೂ ಕಾಳಿನಿಂದ ಬದಲಾಯಿಸುವ ಆಸೆಗೆ ಸಕಾರಣವಿಲ್ಲದಿಲ್ಲ. ಒಣ ಕಾಳಿನಲ್ಲಿ ನೀರು ನೂರಕ್ಕೆ ಸುಮಾರು 10 ಪಾಲು. ಹಸಿ ಮಾಂಸದಲ್ಲಿ, ಹಿಡಿದ ಇಲಿಯಲ್ಲಿ, ಸುಮಾರು 70 ಪಾಲು. ಮರುಭೂಮಿಯ ಅಂಚಿನ ಕಾಡುಬೆಕ್ಕಿನ ಸಂತತಿಯಾದ ನಮ್ಮ ಬೆಕ್ಕಿಗೆ ಬಾಯಾರಿಕೆ ಕಡಮೆ. ಬೇಕಾದ ನೀರನ್ನು ಬೇಟೆಯಿಂದಲೇ ಪಡೆಯುವುದು ಅದರ ಹುಟ್ಟುಗುಣ. ಕಾಳು ತಿನ್ನುವ ಬೆಕ್ಕು ಈ ಕೊರತೆಯನ್ನು ಕುಡಿದು ಪೂರ್ತಿಯಾಗಿ ತುಂಬಿಸಿಕೊಳ್ಳುವುದಿಲ್ಲ. ಗಂಡು ಬೆಕ್ಕುಗಳಲ್ಲಿ ಮೂತ್ರ ಕಟ್ಟುವ ರೋಗಕ್ಕೆ ಚಿಕಿತ್ಸೆಯ ಅಂಗವಾಗಿ ವೈದ್ಯರು ನೀರಿನ ಅಂಶವುಳ್ಳ ಆಹಾರವನ್ನು ಸೂಚಿಸುವುದು ಇದಕ್ಕಾಗಿಯೇ.

ಆದರೆ ಪೊಟ್ಟಣದ ಕಾಳಿನಲ್ಲಿ ಒಂದು ಗುಣವುಂಟು. ಅದನ್ನು ಅರಿಯಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು. ಕ್ಯಾಲಿಫೋರ್ನಿಯದ ಫ್ರಾನ್ಸಿಸ್ ಪಾಟೆಂಜರ್ ಎಂಬ ವೈದ್ಯರು 1932ರಿಂದ ಹತ್ತು ವರ್ಷಗಳ ಕಾಲ ನೂರಾರು ಬೆಕ್ಕುಗಳನ್ನು ಸಾಕಿ, ಹಸಿ ಮಾಂಸ ತಿಂದವು ಪುಷ್ಟವಾಗಿರುವುದನ್ನೂ ಬೇಯಿಸಿದ ಮಾಂಸ ತಿಂದವು ಪೀಳಿಗೆಯಿಂದ ಪೀಳಿಗೆಗೆ ಕ್ಷೀಣಿಸಿದುದನ್ನೂ ಕಂಡರು. ಹಸಿ ಆಹಾರದ ಪಕ್ಷಪಾತಿಗಳು ಇಂದಿಗೂ ಈ ಪ್ರಯೋಗವನ್ನು ಎತ್ತಿ ಹೇಳುತ್ತಾರೆ. ಅದಕ್ಕೆ ಬಹುಮಟ್ಟಿನ ವಿವರಣೆ ದೊರೆತುದು ಬಹಳ ತಡವಾಗಿ. ಟಾರಿನ್ ಎಂಬ ದ್ರವ್ಯವಿಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ನಾಶವಾಗುತ್ತದೆಂದು ಕೆ. ಸಿ. ಹೇಯ್ಸ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಅದೇ ಕೊರತೆಯಿಂದ ಹೃದಯವೂ ಹಿಗ್ಗಿ ಸೋಲುವುದೆಂದೂ, ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳುವುದೆಂದೂ ಪಾಲ್ ಪಯನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಪೊಟ್ಟಣದ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಏರಿಸಿದುದು ಆಮೇಲಿನ ಮಾತು. ಮಾಂಸವನ್ನು ನೀರಿನಲ್ಲಿ ಬೇಯಿಸಿದಾಗ ಟಾರಿನ್ ಆ ನೀರಿಗೆ ಇಳಿಯುತ್ತದೆ. ನೀರನ್ನು ಚೆಲ್ಲಿದರೆ ಬೆಕ್ಕಿನ ಪಾಲನ್ನೇ ಚೆಲ್ಲಿದಂತೆ.

ಸಸ್ಯಗಳಲ್ಲಿ ಟಾರಿನ್ ಇಲ್ಲವೆಂದೇ ಹೇಳಬೇಕು. ಹಸುವಿನ ಹಾಲಿನಲ್ಲಿರುವುದು ಅತ್ಯಲ್ಪ. ಹಾಗಾದರೆ ತೋಟದ ಮನೆಗಳಲ್ಲಿ ಹಾಲು ಅನ್ನ ತಿಂದ ಬೆಕ್ಕುಗಳು ಕುರುಡಾಗದೆ ಬದುಕಿದುದು ಹೇಗೆ? ಅವು ಬದುಕಿದುದು ಅಟ್ಟದ ಇಲಿಗಳಿಂದ, ಕೊಟ್ಟಿಗೆಯ ಹೆಗ್ಗಣದ ಮರಿಗಳಿಂದ, ಗೋಡೆಯ ಹಲ್ಲಿಗಳಿಂದ. ಗೃಹಿಣಿಯು ಹಾಕಿದ ಅನ್ನ ಉಪಾಹಾರ. ನಿಜವಾದ ಭೋಜನ ರಾತ್ರಿಯ ಕತ್ತಲಲ್ಲಿ ನಡೆಯುತ್ತಿತ್ತು. ಅದೇ ಬೆಕ್ಕನ್ನು ಇಂದು ಪೇಟೆಯ ಫ್ಲ್ಯಾಟಿನ ನಾಲ್ಕು ಗೋಡೆಗಳೊಳಗೆ ಇರಿಸಿ ಮೊಸರನ್ನವನ್ನೇ ಹಾಕುವವರು, ತಮಗರಿಯದಂತೆ ಅದರ ಕಣ್ಣನ್ನೂ ಹೃದಯವನ್ನೂ ಬತ್ತಿಸುತ್ತಾರೆ. ಮಾಂಸವನ್ನು ಮನೆಯೊಳಗೆ ತರಲು ಒಪ್ಪದ ಕುಟುಂಬಕ್ಕೆ ಪೊಟ್ಟಣದ ಕಾಳೇ ಲೇಸು. ಅವರು ಕಾಳಿನಿಂದ ಬದಲಿಸುವ ಯೋಚನೆಯನ್ನೇ ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ಮೀನು ತಿನ್ನುವ ಮನೆಗಳಲ್ಲಿಯೂ ಮೀನೊಂದೇ ಸಾಲದು. ಬೂತಾಯಿಯ ಬಳಗಕ್ಕೆ ಸೇರಿದ ಅನೇಕ ಮೀನುಗಳಲ್ಲಿ, ಮರುವಾಯಿಯಂತಹ ಚಿಪ್ಪಿನ ಜೀವಿಗಳಲ್ಲಿ, ಬಿ-1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಇವನ್ನು ನಿತ್ಯವೂ ಹಸಿಯಾಗಿ ತಿಂದ ಬೆಕ್ಕು ತಲೆ ಬಾಗಿಸಿ, ತೂರಾಡಿ, ಸೆಳವಿಗೆ ತುತ್ತಾಗಬಹುದು. ಬೇಯಿಸಿದರೆ ಆ ಕಿಣ್ವ ಅಳಿಯುತ್ತದೆ. ಎಣ್ಣೆಮೀನನ್ನೇ ಸದಾ ಕೊಟ್ಟರೆ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗಿ, ಮೈ ಮುಟ್ಟಿದರೂ ಬೆಕ್ಕು ನೋವಿನಿಂದ ಕೂಗುತ್ತದೆ. ಮೀನು ಸಾರಿನ ಉಳಿಕೆಯಂತೂ ಬೇಡವೇ ಬೇಡ. ನೀರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಕೋಳಿಮಾಂಸದಲ್ಲಿ ಮತ್ತೊಂದು ಲೆಕ್ಕವಿದೆ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಹೇರಳ, ಸುಣ್ಣದ ಅಂಶ ಅತ್ಯಲ್ಪ. ಬರಿಯ ಮಾಂಸ ತಿಂದ ಮರಿಯ ಎಲುಬು ಮೆದುವಾಗಿ ಮುರಿಯುತ್ತದೆ. ಅರ್ಧ ಕಿಲೋ ಮಾಂಸಕ್ಕೆ ನುಣ್ಣಗೆ ಅರೆದ ಮೊಟ್ಟೆಯ ಚಿಪ್ಪಿನ ಪುಡಿ ಅರ್ಧ ಟೀ ಚಮಚದಷ್ಟು ಬೆರೆಸಿದರೆ ಈ ಕೊರತೆ ತುಂಬುತ್ತದೆ. ಕೋಳಿಯ ಹೃದಯದಲ್ಲಿ ಟಾರಿನ್ ಸಮೃದ್ಧ. ಯಕೃತ್ತು ಎ ಜೀವಸತ್ವದ ಆಕರ, ಆದರೆ ಅಲ್ಪವಾಗಿಯೇ ಇರಬೇಕು. ನಿತ್ಯವೂ ಯಕೃತ್ತನ್ನೇ ತಿಂದ ಬೆಕ್ಕಿನ ಕೊರಳೆಲುಬುಗಳು ಒಂದಕ್ಕೊಂದು ಬೆಸೆದುಹೋಗುತ್ತವೆ. ಬೇಯಿಸಿದ ಎಲುಬು ಸೀಳಾಗಿ ಕರುಳನ್ನು ಚುಚ್ಚುವುದರಿಂದ ಅದು ವರ್ಜ್ಯ.

ಪೂರ್ತಿ ಹಸಿಯಾಗಿಯೇ ಕೊಡಬೇಕೆಂಬ ಪಕ್ಷವನ್ನು ನಾವು ಈಗ ಬಿಟ್ಟಿದ್ದೇವೆ. 2024ರ ಕೊನೆಯಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಹಕ್ಕಿಜ್ವರದ ವಿಷಾಣುವಿದ್ದ ಹಸಿ ಆಹಾರವನ್ನು ತಿಂದ ಸಾಕುಬೆಕ್ಕು ಸತ್ತಿತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಬೆಕ್ಕುಗಳಲ್ಲಿ ಅದೇ ಜ್ವರ ಪತ್ತೆಯಾಯಿತು. 2024ರಲ್ಲಿ ನಮ್ಮ ರಾಜ್ಯದ ಆಲಪ್ಪುಳದ ಬಾತುಗಳಿಗೂ ಅದು ತಗಲಿತ್ತು. ಶೀತಪೆಟ್ಟಿಗೆಯ ಚಳಿಗೆ ಈ ವಿಷಾಣು ಸಾಯದು, ಬೆಂಕಿಗೆ ಸಾಯುತ್ತದೆ. ಆದ್ದರಿಂದ ಮಾಂಸವನ್ನು ಒಳಗೂ ಬೇಯುವವರೆಗೆ ಹಬೆಯಲ್ಲಿ ಬೇಯಿಸಿ, ಇಳಿದ ರಸವನ್ನೂ ಅದರೊಡನೆ ಕಲಸುತ್ತೇವೆ. ಹಸಿ ಮಾಂಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವ ಕೆಲಸವನ್ನು ಮಕ್ಕಳು ಮರೆಯಬಾರದು.

ಇನ್ನು ಬದಲಾವಣೆಯ ಕ್ರಮ. ಎರಡನೆಯ ಬಾರಿಗೆ ನಾವು ಮೊದಲು ಮಾಡಿದ ಕೆಲಸ, ದಿನವಿಡೀ ತುಂಬಿರುತ್ತಿದ್ದ ಕಾಳಿನ ಬಟ್ಟಲನ್ನು ತೆಗೆದು ಹೊತ್ತಿಗೆ ಹೊತ್ತಿಗೆ ಬಡಿಸಿದುದು. ತರುವಾಯ ಕಾಳಿನ ಪಕ್ಕದಲ್ಲಿ ಬೆರಳ ತುದಿಯಷ್ಟು ಮಾಂಸವನ್ನಿರಿಸಿದೆವು. ತಿನ್ನದಿದ್ದರೂ ವಾಸನೆಯ ಪರಿಚಯವಾಗಲಿ ಎಂದು. ಉಗುರುಬೆಚ್ಚಗಿದ್ದರೆ ವಾಸನೆ ಹರಡುತ್ತದೆ. ತಣ್ಣಗಿರುವುದನ್ನು ಬೆಕ್ಕು ಒಲ್ಲದು. ಮಾಂಸದ ಮೇಲೆ ಕಾಳನ್ನು ಪುಡಿಮಾಡಿ ಉದುರಿಸಿದಾಗ ಮೊದಲ ತುತ್ತು ಒಳಗೆ ಹೋಯಿತು. ಆಮೇಲೆ ಕಾಲು ಪಾಲು, ಅರ್ಧ ಪಾಲು ಎಂದು ಏರಿಸಿದೆವು. ಒಂದು ಹೊತ್ತು ತಿನ್ನದೆ ಎದ್ದುಹೋದರೆ ಮುಂದಿನ ಹೊತ್ತಿಗೆ ಕಾಳನ್ನೇ ಹಾಕಿ ಹಿಂದಿನ ಮೆಟ್ಟಿಲಿಗೆ ಇಳಿದೆವು. ವಾರದಲ್ಲಿ ಮುಗಿಯುವ ಬೆಕ್ಕುಗಳೂ ಉಂಟು. ನಮ್ಮದಕ್ಕೆ ಎರಡೂವರೆ ತಿಂಗಳು ಹಿಡಿಯಿತು. ವಾರಕ್ಕೊಮ್ಮೆ ಅದನ್ನು ಚೀಲದಲ್ಲಿ ಕುಳ್ಳಿರಿಸಿ ತಕ್ಕಡಿಯಲ್ಲಿ ತೂಗುತ್ತಿದ್ದೆವು; ಈ ಮೆರವಣಿಗೆ ಅದಕ್ಕೆ ಸ್ವಲ್ಪವೂ ಹಿಡಿಸಲಿಲ್ಲ.

ಈಗ ಬೆಳಿಗ್ಗೆ ಒಣ ಕಾಳು, ಸಂಜೆ ಕೋಳಿಮಾಂಸ, ವಾರಕ್ಕೆ ಒಂದು ದಿನ ಬೇಯಿಸಿದ ಬೂತಾಯಿ. ಪೂರ್ತಿ ಮನೆಯ ಆಹಾರಕ್ಕೆ ತಿರುಗಬೇಕಾದರೆ ಟಾರಿನ್ ಮತ್ತು ಜೀವಸತ್ವಗಳನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಸೇರಿಸಬೇಕಾಗುತ್ತದೆ. ನಾವು ಅಷ್ಟು ದೂರ ಹೋಗಿಲ್ಲ. ಸಂಜೆಯ ಬಟ್ಟಲಿನ ಮೇಲೆ ನಾಲ್ಕು ಕಾಳು ಉದುರಿಸಲು ಮರೆತರೆ, ಅದು ಇಂದಿಗೂ ಮಾಂಸವನ್ನು ಮುಟ್ಟದೆ ಡಬ್ಬಿಯಿರುವ ಕಪಾಟಿನ ಮುಂದೆ ಹೋಗಿ ಕುಳಿತುಕೊಳ್ಳುತ್ತದೆ.